ಜಗಳ ಹೊರಗಿಟ್ಟು ಕೂತವರು: ಸಾರ್ಕ್ ಯಾಕೆ ನಿಂತುಹೋಯಿತು?

2025ರ ಏಪ್ರಿಲ್ 23. ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದ ಮರುದಿನ. ಪಾಕಿಸ್ತಾನದ ವಿರುದ್ಧ ತೆಗೆದುಕೊಂಡ ಕ್ರಮಗಳನ್ನು ಭಾರತ ಸರ್ಕಾರ ಒಂದೊಂದಾಗಿ ಓದಿ ಹೇಳಿತು. ಸಿಂಧೂ ನದಿ ಒಪ್ಪಂದವನ್ನು ತಡೆಹಿಡಿದದ್ದು ದೊಡ್ಡ ಸುದ್ದಿಯಾಯಿತು. ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲಿತ್ತು. ಸಾರ್ಕ್ ವೀಸಾ ವಿನಾಯಿತಿ ಯೋಜನೆಯಡಿ ಪಾಕಿಸ್ತಾನದವರು ಇನ್ನು ಭಾರತಕ್ಕೆ ಬರುವಂತಿಲ್ಲ, ಬಂದಿರುವವರು 48 ಗಂಟೆಯೊಳಗೆ ಹೊರಡಬೇಕು ಅಂತ.

ಅದನ್ನು ಓದಿದಾಗ ನನಗೆ ಮೊದಲು ಬಂದ ಯೋಚನೆ ಸ್ವಲ್ಪ ಬೇರೆಯೇ. ಸಾರ್ಕ್ ಇನ್ನೂ ಇದೆಯಾ?

ಇದೆ. ಭಾರತ, ಪಾಕಿಸ್ತಾನ ಸೇರಿದಂತೆ ದಕ್ಷಿಣ ಏಷ್ಯಾದ ದೇಶಗಳ ಒಕ್ಕೂಟ ಅದು. ಕಠ್ಮಂಡುವಿನಲ್ಲಿ ಕಚೇರಿ ಇದೆ, ಮಹಾಕಾರ್ಯದರ್ಶಿ ಇದ್ದಾರೆ. ದೆಹಲಿಯಲ್ಲಿ ಸಾರ್ಕ್ ದೇಶಗಳು ಸೇರಿ ಕಟ್ಟಿದ ವಿಶ್ವವಿದ್ಯಾಲಯ ಇದೆ. ಆದರೆ 2014ರ ನವೆಂಬರ್ ಆದ ಮೇಲೆ ಅದರ ನಾಯಕರು ಒಂದು ಶೃಂಗಸಭೆಗಾಗಿ ಒಟ್ಟಿಗೆ ಕೂತಿಲ್ಲ. ವರ್ಷಕ್ಕೊಮ್ಮೆಯಾದರೂ ಸೇರಬೇಕು ಅಂತ ಅದರ ಸನದಿನಲ್ಲೇ, ಅಂದರೆ ಸ್ಥಾಪನೆಯ ನಿಯಮಪತ್ರದಲ್ಲೇ, ಬರೆದಿದೆ. ಮದುವೆ ಮುರಿದಿಲ್ಲ, ಆದರೆ ಗಂಡ ಹೆಂಡತಿ ಮಾತಾಡಿ ಹತ್ತು ವರ್ಷವಾಯಿತು ಅನ್ನುವಂಥ ಸ್ಥಿತಿ.

ಅಮೆರಿಕ ತೆರಿಗೆ ಏರಿಸುತ್ತಿರುವ, ಚೀನಾ ಬಂದರು ಕಟ್ಟುತ್ತಿರುವ ಈ ಕಾಲದಲ್ಲಿ, "ನೆರೆಹೊರೆಯವರು ಒಟ್ಟಾಗಬೇಕು" ಅನ್ನುವ ಮಾತು ಎಲ್ಲ ಕಡೆ ಕೇಳಿಸುತ್ತಿದೆ. ಹೇಳುವುದು ಸುಲಭ. ಹಾಗಾದರೆ ಕೆಲವು ಕಡೆ ನೆರೆಹೊರೆಯ ಒಕ್ಕೂಟ ಹೇಗೋ ನಡೆಯುತ್ತದೆ, ನಮ್ಮಲ್ಲಿ ಮಾತ್ರ ಯಾಕೆ ನಿಂತುಹೋಯಿತು? ಉತ್ತರದ ಒಂದು ತುದಿ ಬೆಂಗಳೂರಿನಲ್ಲೇ ಇದೆ.

1986, ಬೆಂಗಳೂರು

ಸಾರ್ಕ್‌ನ ಮೊದಲ ಸಭೆ ನಡೆದದ್ದು ಢಾಕಾದಲ್ಲಿ, 1985ರ ಡಿಸೆಂಬರ್‌ನಲ್ಲಿ. ಎರಡನೆಯದು ಬೆಂಗಳೂರಿನಲ್ಲಿ, 1986ರ ನವೆಂಬರ್ 16 ಮತ್ತು 17ರಂದು. ರಾಜೀವ್ ಗಾಂಧಿ, ಶ್ರೀಲಂಕಾದ ಜಯವರ್ಧನೆ, ಪಾಕಿಸ್ತಾನದ ಪ್ರಧಾನಿ ಜುನೇಜೊ, ಬಾಂಗ್ಲಾದೇಶದ ಎರ್ಷಾದ್, ಮಾಲ್ಡೀವ್ಸ್‌ನ ಗಯೂಮ್, ನೇಪಾಳ ಮತ್ತು ಭೂತಾನದ ರಾಜರು ಎಲ್ಲ ಬಂದಿದ್ದರು. ನಾಯಕರನ್ನು ನಂದಿಬೆಟ್ಟಕ್ಕೂ ಕರೆದುಕೊಂಡು ಹೋಗಿದ್ದರು. ಕಠ್ಮಂಡುವಿನಲ್ಲಿ ಕಾಯಂ ಕಚೇರಿ ತೆರೆಯುವ ಒಪ್ಪಂದಕ್ಕೆ ಸಹಿ ಬಿದ್ದದ್ದು ಬೆಂಗಳೂರಿನಲ್ಲೇ.

ಇದು ಮುಂಬಾಗಿಲ ಕಥೆ. ಹಿತ್ತಲ ಕಥೆ ಇನ್ನೂ ಸ್ವಾರಸ್ಯದ್ದು.

ಆ ಹೊತ್ತಿಗೆ ಸರ್ಕಾರ ಮತ್ತು ತಮಿಳು ಬಂಡುಕೋರರ ಕಾಳಗದಲ್ಲಿ ಶ್ರೀಲಂಕಾ ಹೊತ್ತಿ ಉರಿಯುತ್ತಿತ್ತು. ಸಭೆಯಲ್ಲಿ ಅದರ ಬಗ್ಗೆ ಮಾತಾಡುವಂತಿರಲಿಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ. ಸಭೆಯ ಆಚೆ ಮಾತ್ರ ರಾಜೀವ್ ಮತ್ತು ಜಯವರ್ಧನೆ ಅದನ್ನೇ ಮಾತಾಡುತ್ತಿದ್ದರು. ಎಲ್‌ಟಿಟಿಇ ನಾಯಕ ಪ್ರಭಾಕರನ್‌ನನ್ನು ಮದ್ರಾಸಿನಿಂದ ವಿಮಾನದಲ್ಲಿ ಬೆಂಗಳೂರಿಗೆ ಕರೆಸಿದರು. ತಮಿಳುನಾಡಿನ ಮುಖ್ಯಮಂತ್ರಿ ಎಂ.ಜಿ. ರಾಮಚಂದ್ರನ್ ಕೂಡ ಬಂದರು. ಒಂದು ಕೋಣೆಯಲ್ಲಿ ಏಳು ದೇಶಗಳು ಕೃಷಿ, ಹವಾಮಾನ, ಅಂಚೆ ಅಂತ ಮಾತಾಡುತ್ತಿದ್ದವು. ಇನ್ನೊಂದು ಕೋಣೆಯಲ್ಲಿ ನಿಜವಾದ ಜಗಳದ ಮಾತುಕತೆ ನಡೆಯುತ್ತಿತ್ತು. ಆ ಮಾತುಕತೆ ಕೈಗೂಡಲಿಲ್ಲ. ಎಂಟು ತಿಂಗಳಲ್ಲಿ ಭಾರತದ ಸೇನೆ ಶ್ರೀಲಂಕಾಕ್ಕೆ ಹೋಯಿತು.

ಸಾರ್ಕ್‌ನ ಇಡೀ ಚರಿತ್ರೆ ಈ ಎರಡು ಕೋಣೆಗಳಲ್ಲೇ ನಡೆದಿದೆ ಅನ್ನಬಹುದು. ಸನದಿನ ಹತ್ತನೇ ವಿಧಿಯಲ್ಲಿ ಎರಡೇ ಮಾತಿದೆ. ಒಂದು, ಯಾವ ಮಟ್ಟದಲ್ಲಾದರೂ ನಿರ್ಧಾರಕ್ಕೆ ಎಲ್ಲರ ಒಪ್ಪಿಗೆ ಬೇಕು. ಎರಡು, ಇಬ್ಬರ ನಡುವಿನ ಜಗಳ ಮತ್ತು ವಿವಾದದ ವಿಷಯಗಳನ್ನು ಸಭೆಗೆ ತರುವಂತಿಲ್ಲ.

ಯಾಕೆ ಹೀಗೆ ಬರೆದರು? ಭಯಕ್ಕೆ. ಈ ಒಕ್ಕೂಟದ ಯೋಚನೆ ಬಂದದ್ದು ಬಾಂಗ್ಲಾದೇಶದ ಅಧ್ಯಕ್ಷ ಜಿಯಾವುರ್ ರೆಹಮಾನ್ ಅವರಿಗೆ. 1980ರಲ್ಲಿ ಅವರು ನೆರೆಯ ನಾಯಕರಿಗೆಲ್ಲ ಪತ್ರ ಬರೆದರು. ಆಗಷ್ಟೇ ಸೋವಿಯತ್ ಸೇನೆ ಅಫ್ಗಾನಿಸ್ತಾನಕ್ಕೆ ನುಗ್ಗಿತ್ತು, ಎಲ್ಲರಿಗೂ ದಿಗಿಲಿತ್ತು. ಆದರೂ ದೆಹಲಿಗೆ ಅನುಮಾನ ಬಂತು. ಸಣ್ಣವರೆಲ್ಲ ಸೇರಿ ನನ್ನ ಮೇಲೆ ಗುಂಪು ಕಟ್ಟುತ್ತಾರಾ? ಇಸ್ಲಾಮಾಬಾದ್‌ಗೆ ಅದರ ತಿರುಗಾಮುರುಗಾ ಅನುಮಾನ. ಒಕ್ಕೂಟದ ಹೆಸರಲ್ಲಿ ಭಾರತ ಯಜಮಾನಿಕೆ ಶುರುಮಾಡುತ್ತದಾ? ಇಬ್ಬರ ಅನುಮಾನವನ್ನೂ ಸಮಾಧಾನ ಮಾಡಲು ಈ ಎರಡು ಮಾತು ಹಾಕಿದರು. ಜಿಯಾವುರ್ ರೆಹಮಾನ್ ಅದನ್ನೆಲ್ಲ ನೋಡಲು ಉಳಿಯಲಿಲ್ಲ. 1981ರಲ್ಲೇ ಚಿತ್ತಗಾಂಗ್‌ನಲ್ಲಿ ಅವರ ಹತ್ಯೆಯಾಯಿತು.

ಭಯದಿಂದ ಹುಟ್ಟಿದ ನಿಯಮ ಎಂದು ಅದನ್ನು ಬೈಯುವುದು ಸುಲಭ. ಆದರೆ ಆ ನಿಯಮ ಇಲ್ಲದಿದ್ದರೆ ಒಕ್ಕೂಟ ಹುಟ್ಟುತ್ತಲೇ ಇರಲಿಲ್ಲ ಅನ್ನುವುದೂ ಅಷ್ಟೇ ನಿಜ.

ಜಗಳವನ್ನು ಬಾಗಿಲಾಚೆ ಬಿಟ್ಟು ಬಂದರೆ ಅದು ಮನೆಗೆ ವಾಪಸ್ ಹೋಗುವುದಿಲ್ಲ, ಅಲ್ಲೇ ನಿಂತಿರುತ್ತದೆ. ಹಾಗಾಗಿ ಸಾರ್ಕ್ ಸಭೆಗಳಲ್ಲಿ ಪತ್ರಕರ್ತರು ಕಾಯುತ್ತಿದ್ದದ್ದು ಭಾಷಣಕ್ಕಲ್ಲ, ಪಡಸಾಲೆಯ ಭೇಟಿಗೆ. 2002ರ ಜನವರಿಯಲ್ಲಿ ಕಠ್ಮಂಡುವಿನಲ್ಲಿ ಮುಷರಫ್ ಎದ್ದು ಬಂದು ವಾಜಪೇಯಿ ಅವರ ಕೈ ಕುಲುಕಿದರು. ಸಂಸತ್ತಿನ ಮೇಲೆ ದಾಳಿಯಾಗಿ ಆಗಿನ್ನೂ ಒಂದು ತಿಂಗಳೂ ಆಗಿರಲಿಲ್ಲ. 2004ರಲ್ಲಿ ಇಸ್ಲಾಮಾಬಾದ್‌ನ ಸಭೆಗೆ ಹೋದ ವಾಜಪೇಯಿ, ಪಕ್ಕದಲ್ಲೇ ಮುಷರಫ್ ಜೊತೆ ಮಾತುಕತೆ ಮತ್ತೆ ಶುರುಮಾಡುವ ಹೇಳಿಕೆಗೆ ಒಪ್ಪಿದರು. 2014ರಲ್ಲಿ ಮೋದಿ ಮತ್ತು ನವಾಜ್ ಷರೀಫ್ ಕಠ್ಮಂಡುವಿನಲ್ಲಿ ಕೈ ಕುಲುಕುತ್ತಾರಾ ಇಲ್ಲವಾ ಅನ್ನುವುದೇ ಎರಡು ದಿನದ ಸುದ್ದಿ. ಕೊನೆಗೆ ಕುಲುಕಿದರು. ಅದೇ ಸಭೆಯಲ್ಲಿ ಒಂದು ದೇಶದ ವಾಹನ ಇನ್ನೊಂದು ದೇಶಕ್ಕೆ ಹೋಗುವ ಒಪ್ಪಂದಕ್ಕೆ ಪಾಕಿಸ್ತಾನ ಒಪ್ಪಲಿಲ್ಲ, ಅಲ್ಲಿಗೆ ಅದು ಬಿತ್ತು.

ಮುಂದಿನ ಸಭೆ 2016ರ ನವೆಂಬರ್‌ನಲ್ಲಿ ಇಸ್ಲಾಮಾಬಾದ್‌ನಲ್ಲಿ ನಡೆಯಬೇಕಿತ್ತು. ಸೆಪ್ಟೆಂಬರ್ 18ರಂದು ಉರಿಯ ಸೇನಾ ನೆಲೆಯ ಮೇಲೆ ದಾಳಿಯಾಯಿತು. ಭಾರತ ಬರುವುದಿಲ್ಲ ಎಂದಿತು. ಬಾಂಗ್ಲಾದೇಶ, ಭೂತಾನ, ಅಫ್ಗಾನಿಸ್ತಾನವೂ ಬರುವುದಿಲ್ಲ ಎಂದವು. ಒಬ್ಬರು ಬಾರದಿದ್ದರೂ ಸಭೆ ಇಲ್ಲ. ಎಲ್ಲರ ಒಪ್ಪಿಗೆ ಬೇಕು ಅನ್ನುವ ನಿಯಮವೇ ಬೀಗವಾಯಿತು, ಆ ಬೀಗ ಇನ್ನೂ ತೆಗೆದಿಲ್ಲ.

ಹಾಲಿನ ಡೇರಿ ಲೆಕ್ಕ

ನಮ್ಮ ಹಳ್ಳಿಗಳಲ್ಲಿ ಹಾಲಿನ ಡೇರಿ ನೋಡಿದ್ದೀರಲ್ಲ. ಬದುವಿನ ಜಗಳಕ್ಕೆ ಕೋರ್ಟಿಗೆ ಹೋದ ಅಣ್ಣತಮ್ಮಂದಿರು ಬೆಳಿಗ್ಗೆ ಅದೇ ಸಾಲಿನಲ್ಲಿ ಕ್ಯಾನು ಹಿಡಿದು ನಿಂತಿರುತ್ತಾರೆ. ಮಾತಿಲ್ಲ, ಮುಖ ನೋಡುವುದಿಲ್ಲ. ಆದರೂ ಬರುತ್ತಾರೆ. ಯಾಕಂದರೆ ಹಾಲಿನ ದುಡ್ಡು ತಪ್ಪದೆ ಬರುತ್ತದೆ. ಒಂದು ಮನೆಯವರು ಹಾಲು ಹಾಕದಿದ್ದರೂ ಡೇರಿ ಮುಚ್ಚುವುದಿಲ್ಲ.

ಸಾರ್ಕ್‌ನಲ್ಲಿ ಈ ಎರಡೂ ಇರಲಿಲ್ಲ. ದುಡ್ಡೂ ಕಡಿಮೆ, ಒಬ್ಬರು ಬಾರದಿದ್ದರೆ ಬಾಗಿಲೂ ಬಂದ್. ವಿಶ್ವಬ್ಯಾಂಕ್ ಲೆಕ್ಕದ ಪ್ರಕಾರ ದಕ್ಷಿಣ ಏಷ್ಯಾದ ದೇಶಗಳು ತಮ್ಮ ತಮ್ಮ ನಡುವೆ ಮಾಡುವ ವ್ಯಾಪಾರ, ಅವುಗಳ ಒಟ್ಟು ವ್ಯಾಪಾರದ ಸುಮಾರು ಶೇ 5 ಮಾತ್ರ. ಆಗ್ನೇಯ ಏಷ್ಯಾದ ಆಸಿಯಾನ್ ಕೂಟದಲ್ಲಿ ಅದು ಸುಮಾರು ಶೇ 25. ಅದೇ ವಿಶ್ವಬ್ಯಾಂಕ್ 2018ರಲ್ಲಿ ಇನ್ನೊಂದು ಮಾತು ಹೇಳಿತು. ಭಾರತದ ಕಂಪನಿಯೊಂದಕ್ಕೆ ನೆರೆಯ ದೇಶದ ಜೊತೆ ವ್ಯಾಪಾರ ಮಾಡುವುದಕ್ಕಿಂತ ಬ್ರೆಜಿಲ್ ಜೊತೆ ಮಾಡುವುದು ಸುಮಾರು ಶೇ 20 ಅಗ್ಗ. ಬ್ರೆಜಿಲ್ ಎಲ್ಲಿ, ಬಾಂಗ್ಲಾ ಎಲ್ಲಿ!

ಇದಕ್ಕೆ ಕಾರಣ ಬರೀ ಸುಂಕವಲ್ಲ. ಗಡಿಯಲ್ಲಿ ಒಂದು ಲಾರಿಯ ಸರಕು ಇಳಿಸಿ ಇನ್ನೊಂದು ದೇಶದ ಲಾರಿಗೆ ತುಂಬಬೇಕು. ಕಾಗದ ಪತ್ರ, ತಪಾಸಣೆ, ಕಾಯುವಿಕೆ. 2006ರಿಂದ ಜಾರಿಗೆ ಬಂದ ಸಾರ್ಕ್ ಮುಕ್ತ ವ್ಯಾಪಾರ ಒಪ್ಪಂದದಲ್ಲಿ ಪ್ರತಿ ದೇಶವೂ "ಇವಕ್ಕೆ ರಿಯಾಯಿತಿ ಇಲ್ಲ" ಅಂತ ಉದ್ದನೆಯ ಪಟ್ಟಿ ಇಟ್ಟುಕೊಂಡಿತು. ಮಾರಬೇಕು ಅನ್ನಿಸುವ ಮಾಲೆಲ್ಲ ಆ ಪಟ್ಟಿಯಲ್ಲೇ.

ಆಸಿಯಾನ್‌ನವರು ನಮಗಿಂತ ಸಭ್ಯರು, ಜಗಳವಾಡುವುದಿಲ್ಲ ಅಂತ ಯಾರಾದರೂ ಅಂದುಕೊಂಡರೆ ಅದು ತಪ್ಪು. ಅವರ ಚರಿತ್ರೆ ನಮ್ಮಷ್ಟೇ ಕೆಟ್ಟದಿತ್ತು. 1963ರಿಂದ 1966ರವರೆಗೆ ಇಂಡೊನೇಷ್ಯಾ ಮಲೇಷ್ಯಾದ ಮೇಲೆ ಘೋಷಿಸದ ಯುದ್ಧವನ್ನೇ ನಡೆಸಿತು. 1965ರ ಮಾರ್ಚ್‌ನಲ್ಲಿ ಇಂಡೊನೇಷ್ಯಾದ ನೌಕಾಪಡೆಯ ಇಬ್ಬರು ಸಿಂಗಪುರದ ಮ್ಯಾಕ್‌ಡೊನಾಲ್ಡ್ ಹೌಸ್ ಕಟ್ಟಡದಲ್ಲಿ ಬಾಂಬ್ ಇಟ್ಟರು. ಮೂವರು ಸತ್ತರು. 1967ರ ಆಗಸ್ಟ್ 8ರಂದು ಬ್ಯಾಂಕಾಕ್‌ನಲ್ಲಿ ಇದೇ ಇಂಡೊನೇಷ್ಯಾ, ಮಲೇಷ್ಯಾ, ಸಿಂಗಪುರ, ಜೊತೆಗೆ ಥಾಯ್ಲೆಂಡ್ ಮತ್ತು ಫಿಲಿಪ್ಪೀನ್ಸ್ ಸೇರಿ ಆಸಿಯಾನ್ ಕಟ್ಟಿದವು. ಆಗ ಫಿಲಿಪ್ಪೀನ್ಸ್ ಮಲೇಷ್ಯಾದ ಸಬಾ ಪ್ರಾಂತ್ಯ ತನ್ನದು ಅನ್ನುತ್ತಿತ್ತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಒಕ್ಕೂಟ ಶುರುವಾದ ಮರುವರ್ಷ, 1968ರ ಅಕ್ಟೋಬರ್‌ನಲ್ಲಿ, ಸಿಂಗಪುರ ಆ ಇಬ್ಬರನ್ನೂ ಗಲ್ಲಿಗೇರಿಸಿತು. ಇಂಡೊನೇಷ್ಯಾದ ಅಧ್ಯಕ್ಷ ಸುಹಾರ್ತೊ ಬೇಡ ಅಂತ ಕೇಳಿಕೊಂಡಿದ್ದರೂ ಕೇಳಲಿಲ್ಲ. ಜಕಾರ್ತಾದಲ್ಲಿ ಜನ ಸಿಂಗಪುರದ ರಾಯಭಾರ ಕಚೇರಿಗೆ ನುಗ್ಗಿದರು. ಎಂಥ ಒಕ್ಕೂಟವಾದರೂ ಮುರಿಯಬಹುದಿತ್ತು. ಇದು ಮುರಿಯಲಿಲ್ಲ. 1973ರಲ್ಲಿ ಸಿಂಗಪುರದ ಪ್ರಧಾನಿ ಲೀ ಕ್ವಾನ್ ಯೂ ಜಕಾರ್ತಾಕ್ಕೆ ಹೋಗಿ, ತಾವೇ ಗಲ್ಲಿಗೇರಿಸಿದ ಆ ಇಬ್ಬರ ಸಮಾಧಿಯ ಮೇಲೆ ಹೂ ಹಾಕಿದರು.

ಇದನ್ನು ಬರೆಯುವಾಗ ನನಗೆ ಅನ್ನಿಸುವುದು, ಹೂ ಹಾಕಿದ ಲೀ ಬಗ್ಗೆ ಎಲ್ಲರೂ ಹೇಳುತ್ತಾರೆ. ಅದಕ್ಕೂ ಮೊದಲಿನ ಐದು ವರ್ಷ ಸುಮ್ನೆ ಇದ್ದ ಇಂಡೊನೇಷ್ಯಾದ ಬಗ್ಗೆ ಹೇಳುವವರು ಕಡಿಮೆ. ಆಸಿಯಾನ್ ಜನಸಂಖ್ಯೆಯ ಶೇ 40ರಷ್ಟು ಇಂಡೊನೇಷ್ಯಾದ್ದೇ. ಸಿಂಗಪುರವನ್ನು ಹಿಸುಕಿಬಿಡುವ ಶಕ್ತಿ ಇತ್ತು. ಸುಹಾರ್ತೊ ಒಳ್ಳೆಯ ಮನುಷ್ಯ ಅಂತಲ್ಲ. ತನ್ನ ದೇಶದೊಳಗೆ ಆತ ಲಕ್ಷಾಂತರ ಜನರ ಸಾವಿಗೆ ಕಾರಣನಾದ ಸರ್ವಾಧಿಕಾರಿ. ಆದರೆ ಆತನಿಗೆ ಹೊರಗಿನ ಬಂಡವಾಳ ಬೇಕಿತ್ತು, ಕಮ್ಯುನಿಸ್ಟ್ ವಿಯೆಟ್ನಾಂನ ಭಯವಿತ್ತು, ಮನೆ ಪಕ್ಕದಲ್ಲಿ ಶಾಂತಿ ಬೇಕಿತ್ತು. ಹಾಗಾಗಿ ದೊಡ್ಡವನು ಸ್ವಲ್ಪ ಹಿಂದೆ ಕೂತ.

ಸಾರ್ಕ್‌ನಲ್ಲಿ ಎಲ್ಲರಿಗೂ ಸಮಾನವಾದ ಹೊರಗಿನ ಭಯ ಯಾವತ್ತೂ ಇರಲಿಲ್ಲ. ಭಾರತಕ್ಕೆ ಚೀನಾ ಅಂದರೆ ಗಡಿಯ ತಲೆನೋವು. ಪಾಕಿಸ್ತಾನಕ್ಕೆ ಚೀನಾ ಅಂದರೆ ಆಪ್ತಮಿತ್ರ. ಉಳಿದವರಿಗೆ ಚೀನಾ ಅಂದರೆ, ಭಾರತದ ಜೊತೆ ಚೌಕಾಸಿ ಮಾಡುವಾಗ ಕೈಗೆ ಸಿಗುವ ಇನ್ನೊಂದು ಅಂಗಡಿ.

ನಕ್ಷೆ ತೆಗೆದು ನೋಡಿ. ಮೊದಲ ಏಳು ಸಾರ್ಕ್ ದೇಶಗಳಲ್ಲಿ ಭಾರತ ಬಿಟ್ಟು ಉಳಿದ ಆರಕ್ಕೆ ಒಂದಕ್ಕೊಂದು ನೆಲದ ಗಡಿಯೇ ಇಲ್ಲ. ಎಲ್ಲರ ಗಡಿ, ಇಲ್ಲವೇ ಕಡಲು, ಭಾರತದ ಜೊತೆ. ಸೈಕಲ್ ಚಕ್ರದ ಕಡ್ಡಿಗಳ ಹಾಗೆ. ನೇಪಾಳದಿಂದ ಬಾಂಗ್ಲಾದೇಶಕ್ಕೆ ಒಂದು ಚೀಲ ಶುಂಠಿ ಹೋಗಬೇಕಾದರೂ ಸಿಲಿಗುರಿ ಹತ್ತಿರ ಹತ್ತಾರು ಕಿಲೋಮೀಟರ್ ಭಾರತದ ನೆಲ ದಾಟಬೇಕು. ಇನ್ನು ಜನಸಂಖ್ಯೆ, ಆರ್ಥಿಕ ಗಾತ್ರ ಎರಡರಲ್ಲೂ ಸುಮಾರು ಮುಕ್ಕಾಲು ಪಾಲು ಭಾರತದ್ದೇ. ಇಂಡೊನೇಷ್ಯಾ ಹಿಂದೆ ಕೂತರೆ ಉಳಿದವರಿಗೆ ಜಾಗವಾಗುತ್ತಿತ್ತು. ಭಾರತ ಹಿಂದೆ ಕೂತರೂ ಜಾಗದ ತುಂಬ ಭಾರತವೇ ಇರುತ್ತದೆ. ಇದು ಯಾರ ತಪ್ಪೂ ಅಲ್ಲ, ಭೂಗೋಳ.

ಆಸಿಯಾನ್ ಎಲ್ಲ ಗೆದ್ದಿದೆ ಅಂತಲೂ ಅಲ್ಲ. 2012ರಲ್ಲಿ ನಾಮ್ ಪೆನ್‌ನಲ್ಲಿ ಚೀನಾ ಹೆಚ್ಚುಕಡಿಮೆ ತನ್ನದೇ ಅನ್ನುವ ದಕ್ಷಿಣ ಚೀನಾ ಸಮುದ್ರದ ಬಗ್ಗೆ ಒಂದು ಸಾಲು ಬರೆಯುವ ವಿಷಯಕ್ಕೆ ಜಗಳವಾಗಿ, 45 ವರ್ಷದಲ್ಲಿ ಮೊದಲ ಸಲ ವಿದೇಶಾಂಗ ಸಚಿವರ ಜಂಟಿ ಹೇಳಿಕೆಯೇ ಹೊರಬರಲಿಲ್ಲ. ಆಗ ಅಧ್ಯಕ್ಷತೆ ಚೀನಾಕ್ಕೆ ಹತ್ತಿರದ ಕಾಂಬೋಡಿಯಾದ್ದು. 2021ರಲ್ಲಿ ಮ್ಯಾನ್ಮಾರ್ ಸೇನೆ ಅಧಿಕಾರ ಕಿತ್ತುಕೊಂಡಾಗ ಆಸಿಯಾನ್ ಐದು ಅಂಶಗಳ ಸೂತ್ರ ಕೊಟ್ಟಿತು, ಸೇನೆ ಅದನ್ನು ಪಕ್ಕಕ್ಕಿಟ್ಟಿತು. 2025ರ ಜುಲೈನಲ್ಲಿ ಥಾಯ್ಲೆಂಡ್ ಮತ್ತು ಕಾಂಬೋಡಿಯಾ ಐದು ದಿನ ಹೊಡೆದಾಡಿದವು. ಅಧ್ಯಕ್ಷ ಸ್ಥಾನದಲ್ಲಿದ್ದ ಮಲೇಷ್ಯಾದ ಅನ್ವರ್ ಇಬ್ರಾಹಿಂ ಇಬ್ಬರನ್ನೂ ಪುತ್ರಜಾಯಕ್ಕೆ ಕರೆದು ಕದನ ನಿಲ್ಲಿಸಿದರು. ಟ್ರಂಪ್ ಫೋನ್ ಮಾಡಿ ತೆರಿಗೆಯ ಬೆದರಿಕೆ ಹಾಕಿದ್ದೂ ಕೆಲಸ ಮಾಡಿತು. ಡಿಸೆಂಬರ್‌ನಲ್ಲಿ ಮತ್ತೆ ಗುಂಡು ಹಾರಿತು, ಮತ್ತೆ ಕೂತು ಮಾತಾಡಿದರು.

ಇಲ್ಲಿ ನಾವು ಗಮನಿಸಬೇಕಾದದ್ದು ಅವರು ಜಗಳ ತಡೆದರಾ ಅನ್ನುವುದನ್ನಲ್ಲ. ತಡೆಯಲಿಲ್ಲ. ಆದರೆ ಗುಂಡು ಹಾರಿದ ನಾಲ್ಕೇ ದಿನಕ್ಕೆ ಇಬ್ಬರನ್ನೂ ಕೂರಿಸುವ ಒಂದು ಜಗಲಿ ಅಲ್ಲಿತ್ತು. 2025ರ ಮೇ ತಿಂಗಳಲ್ಲಿ ಭಾರತ ಮತ್ತು ಪಾಕಿಸ್ತಾನ ನಾಲ್ಕು ದಿನ ಕಾದಾಡಿದಾಗ ಸಾರ್ಕ್ ಅನ್ನುವ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಹಾಗಾದರೆ ಭಾರತ ಮುಂದಾಳಾಗಲೇ ಇಲ್ಲವಾ?

ಆಗಿದೆ, ಕೆಲವು ಸಲ. ಅದರಲ್ಲಿ ನನಗೆ ತುಂಬಾ ಇಷ್ಟವಾದ ಪ್ರಸಂಗ ನಮ್ಮ ಹಾಸನದ ಒಬ್ಬರದ್ದು.

1996ರ ಜೂನ್‌ನಲ್ಲಿ ಎಚ್.ಡಿ. ದೇವೇಗೌಡರು ಪ್ರಧಾನಿಯಾದರು. ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್. ಅವರ ವಾದ ಸರಳವಾಗಿತ್ತು. ನೇಪಾಳ, ಬಾಂಗ್ಲಾದೇಶ, ಭೂತಾನ, ಮಾಲ್ಡೀವ್ಸ್, ಶ್ರೀಲಂಕಾದ ಜೊತೆ "ನೀನು ಇಷ್ಟು ಕೊಟ್ಟರೆ ನಾನು ಅಷ್ಟು ಕೊಡುತ್ತೇನೆ" ಅನ್ನುವ ಲೆಕ್ಕ ಬೇಡ, ಆಗುವಷ್ಟು ಕೊಡೋಣ. ಆ ವರ್ಷದ ಡಿಸೆಂಬರ್ 12ರಂದು ದೆಹಲಿಯಲ್ಲಿ ದೇವೇಗೌಡರು ಮತ್ತು ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ಗಂಗಾ ನೀರಿನ ಒಪ್ಪಂದಕ್ಕೆ ಸಹಿ ಹಾಕಿದರು.

ಜಗಳ ಹಳೆಯದು. ಪಶ್ಚಿಮ ಬಂಗಾಳದ ಫರಕ್ಕಾದಲ್ಲಿ ಭಾರತ ಗಂಗೆಗೆ ಅಡ್ಡಗಟ್ಟೆ ಕಟ್ಟಿ 1975ರಲ್ಲಿ ಚಾಲೂ ಮಾಡಿತ್ತು. ಕೋಲ್ಕತ್ತಾ ಬಂದರಿನಲ್ಲಿ ಹೂಳು ತುಂಬುತ್ತಿತ್ತು, ನೀರು ತಿರುಗಿಸಿ ಅದನ್ನು ಕೊಚ್ಚಿಹಾಕಬೇಕಿತ್ತು. ಕೆಳಗಿದ್ದ ಬಾಂಗ್ಲಾದೇಶದವರ ಹೊಲ ಬೇಸಿಗೆಯಲ್ಲಿ ಒಣಗಿತು. ಕಾವೇರಿ ಜಗಳ ಕೇಳುತ್ತಲೇ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಒಂದು ತಮಾಷೆ ಇದೆ. ಕಾವೇರಿಯ ವಿಷಯದಲ್ಲಿ ಒಂದು ಹನಿಗೂ ಹಟ ಹಿಡಿಯುವ ಮೇಲಿನ ರಾಜ್ಯದಿಂದ ಬಂದವರು, ಗಂಗೆಯ ವಿಷಯದಲ್ಲಿ ಕೆಳಗಿನವರಿಗೆ ನೀರು ಬಿಡುವ ಕಾಗದಕ್ಕೆ ಸಹಿ ಹಾಕಿದರು.

ಲೆಕ್ಕ ಹೀಗಿದೆ. ಜನವರಿ 1ರಿಂದ ಮೇ 31ರವರೆಗೆ ಫರಕ್ಕಾಗೆ ಬರುವ ನೀರನ್ನು ಹತ್ತತ್ತು ದಿನದ ಕಂತಿನಲ್ಲಿ ಅಳೆಯುತ್ತಾರೆ. 70,000 ಕ್ಯುಸೆಕ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅರ್ಧ ಅರ್ಧ. 70,000ದಿಂದ 75,000 ಇದ್ದರೆ ಬಾಂಗ್ಲಾದೇಶಕ್ಕೆ 35,000, ಉಳಿದದ್ದು ಭಾರತಕ್ಕೆ. 75,000 ದಾಟಿದರೆ ಭಾರತಕ್ಕೆ 40,000, ಮಿಕ್ಕಿದ್ದೆಲ್ಲ ಬಾಂಗ್ಲಾದೇಶಕ್ಕೆ. ನೀರು ತೀರಾ ಕಡಿಮೆಯಾಗುವ ಮಾರ್ಚ್ 11ರಿಂದ ಮೇ 10ರವರೆಗೆ, ಹತ್ತು ದಿನ ಒಬ್ಬರಿಗೆ, ಮುಂದಿನ ಹತ್ತು ದಿನ ಇನ್ನೊಬ್ಬರಿಗೆ ಅಂತ 35,000 ಕ್ಯುಸೆಕ್ ಖಾತರಿ. ಊರಿನ ಕಾಲುವೆಯಲ್ಲಿ ಸರದಿ ಹಚ್ಚಿ ನೀರು ಬಿಟ್ಟುಕೊಳ್ಳುವುದಿಲ್ಲವಾ, ಅದೇ.

ಇದು ದೆಹಲಿಯ ಔದಾರ್ಯದಿಂದ ಮಾತ್ರ ಆಗಲಿಲ್ಲ. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಒಪ್ಪಿದ್ದರಿಂದ ಆಯಿತು. 2011ರಲ್ಲಿ ಮನಮೋಹನ್ ಸಿಂಗ್ ತೀಸ್ತಾ ನದಿಗೂ ಇಂಥದ್ದೇ ಒಪ್ಪಂದ ಹಿಡಿದು ಢಾಕಾಕ್ಕೆ ಹೊರಟಾಗ ಮಮತಾ ಬ್ಯಾನರ್ಜಿ ಒಪ್ಪಲಿಲ್ಲ, ಒಪ್ಪಂದ ಅಲ್ಲೇ ಉಳಿಯಿತು. ವಿದೇಶಾಂಗ ನೀತಿ ಅಂದರೆ ದೆಹಲಿಯ ಸೌತ್ ಬ್ಲಾಕ್ ಅಂತ ನಾವು ಅಂದುಕೊಳ್ಳುತ್ತೇವೆ. ನೆರೆಯವರ ವಿಷಯದಲ್ಲಿ ಅದು ಅರ್ಧ ರಾಜ್ಯಗಳ ರಾಜಧಾನಿಯಲ್ಲೇ ನಡೆಯುತ್ತದೆ.

ಇನ್ನೂ ಕೆಲವು ಹೆಜ್ಜೆಗಳಿವೆ. 2011ರಲ್ಲಿ ಭಾರತ ಬಡ ಸಾರ್ಕ್ ದೇಶಗಳ ಮಾಲಿಗೆ, ಮದ್ಯ ಮತ್ತು ತಂಬಾಕಿನಂಥ 25 ಬಾಬತ್ತು ಬಿಟ್ಟು, ಸುಂಕವನ್ನೇ ತೆಗೆಯಿತು. 2014ರಲ್ಲಿ ಬಂಗಾಳಕೊಲ್ಲಿಯ ಗಡಿ ತಕರಾರಿನಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ 25,602 ಚದರ ಕಿ.ಮೀ. ಜಾಗದಲ್ಲಿ 19,467 ಚದರ ಕಿ.ಮೀ. ಬಾಂಗ್ಲಾದೇಶಕ್ಕೆ ಕೊಟ್ಟಿತು. ಭಾರತ ತಕರಾರಿಲ್ಲದೆ ಒಪ್ಪಿಕೊಂಡಿತು. ದಕ್ಷಿಣ ಚೀನಾ ಸಮುದ್ರದ ತೀರ್ಪನ್ನು ಚೀನಾ 2016ರಲ್ಲಿ ತಿರಸ್ಕರಿಸಿದ್ದನ್ನು ಇದರ ಪಕ್ಕ ಇಟ್ಟು ನೋಡಿ. 2015ರಲ್ಲಿ ಎರಡೂ ದೇಶ ಸೇರಿ ಒಂದು ದೇಶದೊಳಗೆ ಸಿಕ್ಕಿಕೊಂಡಿದ್ದ ಇನ್ನೊಂದು ದೇಶದ 162 ತುಂಡುಭೂಮಿಗಳನ್ನು ಅದಲುಬದಲು ಮಾಡಿಕೊಂಡವು. 2022ರಲ್ಲಿ ಶ್ರೀಲಂಕಾ ದಿವಾಳಿಯಾದಾಗ ಭಾರತ ಸುಮಾರು 400 ಕೋಟಿ ಡಾಲರ್ ನೆರವು ಕೊಟ್ಟಿತು. ಅದರಲ್ಲಿ ಒಂದು ಭಾಗ ಬಂದದ್ದು ರಿಸರ್ವ್ ಬ್ಯಾಂಕಿನ ಸಾರ್ಕ್ ಕರೆನ್ಸಿ ವಿನಿಮಯ ಯೋಜನೆಯಿಂದ. ನಾಯಕರು ಸೇರದ ಸಾರ್ಕ್ ಮುಂಬೈಯ ಬ್ಯಾಂಕ್ ಕಡತದಲ್ಲಿ ಜೀವಂತವಾಗಿದೆ!

ಕೊಟ್ಟದ್ದು ಲೆಕ್ಕಕ್ಕೆ ಬರುವುದು ನಿಧಾನ. ತಡೆದದ್ದು ಮಾತ್ರ ತಕ್ಷಣ ನೆನಪಾಗುತ್ತದೆ. 2015ರಲ್ಲಿ ನೇಪಾಳದ ಗಡಿ ತಿಂಗಳುಗಟ್ಟಲೆ ಬಂದ್ ಆಗಿ ಅಲ್ಲಿ ಗ್ಯಾಸು, ಪೆಟ್ರೋಲು ಸಿಗದೆ ಹೋದದ್ದನ್ನು ಕಠ್ಮಂಡುವಿನ ಜನ ಇನ್ನೂ ಮರೆತಿಲ್ಲ. ಭಾರತ ತಾನು ತಡೆದಿಲ್ಲ ಎಂದಿತು. ಅಡುಗೆಮನೆಯಲ್ಲಿ ಸೌದೆ ಒಲೆ ಹಚ್ಚಿದವರಿಗೆ ಆ ವಿವರಣೆ ಸಾಲಲಿಲ್ಲ.

ಪಾಕಿಸ್ತಾನ ಇಲ್ಲದ ಕೂಟ

ಸಾರ್ಕ್ ನಿಂತ ಮೇಲೆ ಭಾರತ ಸುಮ್ಮನೆ ಕೂರಲಿಲ್ಲ. ಪೂರ್ವಕ್ಕೆ ತಿರುಗಿತು. ಬಿಮ್‌ಸ್ಟೆಕ್ ಅನ್ನುವ ಕೂಟ 1997ರಿಂದಲೇ ಇತ್ತು. ಬಂಗಾಳಕೊಲ್ಲಿಯ ಸುತ್ತಲಿನ ಬಾಂಗ್ಲಾದೇಶ, ಭೂತಾನ, ಭಾರತ, ಮ್ಯಾನ್ಮಾರ್, ನೇಪಾಳ, ಶ್ರೀಲಂಕಾ, ಥಾಯ್ಲೆಂಡ್ ಇದರಲ್ಲಿವೆ. ಪಾಕಿಸ್ತಾನ ಇಲ್ಲ. ಆದರೆ ಅದಕ್ಕೊಂದು ಸನದು ಬೇಕು ಅಂತ ಯಾರಿಗೂ ಅವಸರವಿರಲಿಲ್ಲ. ಹುಟ್ಟಿದ 25 ವರ್ಷಕ್ಕೆ, 2022ರಲ್ಲಿ, ಸನದಿಗೆ ಸಹಿಯಾಯಿತು. ಅದು ಜಾರಿಗೆ ಬಂದದ್ದು 2024ರ ಮೇನಲ್ಲಿ. ಇದರ ಇಂಧನ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲಿ, ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯ (ಸಿಪಿಆರ್‌ಐ) ಆವರಣದಲ್ಲಿ. ಏಳು ದೇಶಗಳ ವಿದ್ಯುತ್ ಜಾಲಗಳನ್ನು ಒಂದಕ್ಕೊಂದು ಜೋಡಿಸುವ ಕನಸು ಅದರದ್ದು.

ಪಾಕಿಸ್ತಾನ ಇಲ್ಲದ ಮಾತ್ರಕ್ಕೆ ಎಲ್ಲ ಸಲೀಸು ಅಂದುಕೊಳ್ಳಬೇಡಿ. ಮಣಿಪುರದ ಮೋರೆಯಿಂದ ಮ್ಯಾನ್ಮಾರ್ ಮೂಲಕ ಥಾಯ್ಲೆಂಡಿನ ಮೇಸೊಟ್‌ವರೆಗೆ ಸುಮಾರು 1,360 ಕಿ.ಮೀ. ಹೆದ್ದಾರಿ ಆಗಬೇಕು. ಮ್ಯಾನ್ಮಾರ್‌ನಲ್ಲಿ ಅಂತರ್ಯುದ್ಧ, ರಸ್ತೆ ಅಲ್ಲಲ್ಲೇ ನಿಂತಿದೆ. 2025ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಲ್ಲಿ ಬಿಮ್‌ಸ್ಟೆಕ್ ಸಭೆ ನಡೆದಾಗ ಎಲ್ಲರ ಕಣ್ಣು ಮತ್ತೆ ಪಡಸಾಲೆಯ ಮೇಲೆಯೇ ಇತ್ತು. ಹಸೀನಾ ಪದಚ್ಯುತಿಯಾದ ಮೇಲೆ ಮೋದಿ ಮತ್ತು ಬಾಂಗ್ಲಾದೇಶದ ಮಧ್ಯಂತರ ಸರ್ಕಾರದ ಮುಖ್ಯಸ್ಥರಾಗಿದ್ದ ಮುಹಮ್ಮದ್ ಯೂನುಸ್ ಮೊದಲ ಸಲ ಭೇಟಿಯಾದದ್ದು ಅಲ್ಲೇ. ಆ ಯೂನುಸ್ ಆದರೋ ಸಾರ್ಕ್‌ಗೆ ಮತ್ತೆ ಜೀವ ಕೊಡಿ ಅಂತ ಹೋದಲ್ಲೆಲ್ಲ ಹೇಳುತ್ತಿದ್ದರು. ಎರಡು ತಿಂಗಳಲ್ಲಿ ಚೀನಾದ ಕುನ್ಮಿಂಗ್‌ನಲ್ಲಿ ಚೀನಾ, ಪಾಕಿಸ್ತಾನ, ಬಾಂಗ್ಲಾದೇಶದ ಅಧಿಕಾರಿಗಳು ಮೂವರೇ ಕೂತು ಮಾತಾಡಿದರು. ಖಾಲಿ ಬಿಟ್ಟ ಜಗಲಿಯಲ್ಲಿ ಬೇರೆಯವರು ಬಂದು ಕೂರುತ್ತಾರೆ ಅಲ್ವಾ?

ಭದ್ರತೆಯ ಮಾತು ಈಗ ಇನ್ನೂ ಸಣ್ಣ ಗುಂಪುಗಳಲ್ಲಿ ನಡೆಯುತ್ತಿದೆ. ಕೊಲಂಬೊ ಭದ್ರತಾ ಕೂಟ ಭಾರತ, ಶ್ರೀಲಂಕಾ, ಮಾಲ್ಡೀವ್ಸ್ ಮೂವರಿಂದ ಶುರುವಾಗಿ ಮಾರಿಷಸ್, ಬಾಂಗ್ಲಾದೇಶಕ್ಕೂ ಹರಡಿತು. ಕಡಲ್ಗಳ್ಳರು, ಮಾದಕವಸ್ತು, ಸೈಬರ್ ದಾಳಿ ಇಂಥವು ಅದರ ಕೆಲಸ. 2017ರಲ್ಲಿ ಶ್ರೀಲಂಕಾ ಹಂಬನ್‌ತೋಟ ಬಂದರನ್ನು 99 ವರ್ಷಕ್ಕೆ ಚೀನಾದ ಕಂಪನಿಗೆ ಗುತ್ತಿಗೆ ಕೊಟ್ಟ ಮೇಲೆ ದೆಹಲಿಗೆ ಈ ಕೂಟದ ಬೆಲೆ ಜಾಸ್ತಿಯಾಗಿ ಕಂಡಿತು.

ಸಣ್ಣ ಗುಂಪಿನಲ್ಲಿ ಕೆಲಸ ಆಗುತ್ತದೆ ಅನ್ನುವುದಕ್ಕೆ ನನಗೆ ಗೊತ್ತಿರುವ ಚೆಂದದ ಉದಾಹರಣೆ ಒಂದು ತಂತಿ. 2024ರ ನವೆಂಬರ್ 15ರಂದು ನೇಪಾಳದ 40 ಮೆಗಾವಾಟ್ ವಿದ್ಯುತ್ ಭಾರತದ ತಂತಿಯ ಮೇಲೆ ಹಾದು ಬಾಂಗ್ಲಾದೇಶ ಸೇರಿತು. ನೇಪಾಳದ ಧಲ್ಕೇಬರ್‌ನಿಂದ ಬಿಹಾರದ ಮುಜಫ್ಫರ್‌ಪುರ, ಅಲ್ಲಿಂದ ಬಂಗಾಳದ ಬಹರಾಂಪುರ, ಆಮೇಲೆ ಗಡಿಯಾಚೆ ಭೇರಾಮಾರಾ. ಯೂನಿಟ್‌ಗೆ 6.4 ಅಮೆರಿಕನ್ ಸೆಂಟ್. ಒಪ್ಪಂದ ಇದ್ದದ್ದು ಜೂನ್ 15ರಿಂದ ನವೆಂಬರ್ 15ರವರೆಗೆ. ಹಾಗಾಗಿ ಆ ವರ್ಷ ವಿದ್ಯುತ್ ಹರಿದದ್ದು ಒಂದೇ ದಿನ!

40 ಮೆಗಾವಾಟ್ ಎಷ್ಟು? ನಮ್ಮ ಶರಾವತಿ ವಿದ್ಯುದಾಗಾರದಲ್ಲಿ ಹತ್ತು ಟರ್ಬೈನ್‌ಗಳಿವೆ, ಒಂದೊಂದು 103.5 ಮೆಗಾವಾಟ್‌ನದ್ದು. ಅದರಲ್ಲಿ ಒಂದರ ಅರ್ಧಕ್ಕಿಂತ ಕಡಿಮೆ. ಗಾತ್ರ ನೋಡಿದರೆ ನಗು ಬರುತ್ತದೆ. ಆದರೆ ದಕ್ಷಿಣ ಏಷ್ಯಾದಲ್ಲಿ ಒಂದು ದೇಶದ ವಿದ್ಯುತ್ ಎರಡನೇ ದೇಶ ದಾಟಿ ಮೂರನೇ ದೇಶಕ್ಕೆ ಹೋದದ್ದು ಇದೇ ಮೊದಲು. ಮಳೆಗಾಲದಲ್ಲಿ ನೇಪಾಳದ ನದಿಗಳು ತುಂಬಿ ವಿದ್ಯುತ್ ಮಿಕ್ಕುತ್ತದೆ, ಅದೇ ಹೊತ್ತಿಗೆ ಬಾಂಗ್ಲಾದೇಶದಲ್ಲಿ ಸೆಕೆಗೆ ಫ್ಯಾನು ನಿಲ್ಲುವುದಿಲ್ಲ. ಇಬ್ಬರಿಗೂ ಲಾಭ. ಇಲ್ಲೂ ಭದ್ರತೆಯ ಎಳೆ ಇದ್ದೇ ಇದೆ. ಚೀನಾದವರು ದುಡ್ಡು ಹಾಕಿದ ನೇಪಾಳದ ಯೋಜನೆಗಳ ವಿದ್ಯುತ್ತನ್ನು ಭಾರತ ಕೊಳ್ಳುವುದಿಲ್ಲ. ಒಂದು ಯೂನಿಟ್ ಕರೆಂಟಿಗೂ ಜಾತಕ ಕೇಳುವ ಕಾಲ.

ಇನ್ನೊಂದು ಮುಖ್ಯ ಸಂಗತಿ ದಿನಾಂಕದ್ದು. ಈ ವಿದ್ಯುತ್ ಒಪ್ಪಂದಕ್ಕೆ ಸಹಿಯಾದದ್ದು 2024ರ ಅಕ್ಟೋಬರ್‌ನಲ್ಲಿ. ಹಸೀನಾ ಭಾರತಕ್ಕೆ ಓಡಿ ಬಂದು ಎರಡೇ ತಿಂಗಳಾಗಿತ್ತು, ದೆಹಲಿ ಮತ್ತು ಢಾಕಾದ ಸಂಬಂಧ ಪಾತಾಳಕ್ಕೆ ಇಳಿದಿತ್ತು. ಆದರೂ ಸಹಿಯಾಯಿತು. 2025ರ ಜೂನ್‌ನಲ್ಲಿ ವಿದ್ಯುತ್ ಮತ್ತೆ ಹರಿಯಿತು. ಡೇರಿಯ ಸಾಲು ನೆನಪಾಗುತ್ತದೆ, ಮಾತಿಲ್ಲದಿದ್ದರೂ ಕ್ಯಾನು ಹಿಡಿದು ನಿಂತವರು.

2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಮಾಲಿನ ಮೇಲೆ ಶೇ 50ರಷ್ಟು ಸುಂಕ ಹೇರಿದಾಗ ನಮ್ಮಲ್ಲಿ ಎಲ್ಲರೂ ಹೊಸ ಮಾರುಕಟ್ಟೆಯ ಮಾತಾಡಿದರು. ಯುರೋಪ್, ಆಫ್ರಿಕಾ, ಲ್ಯಾಟಿನ್ ಅಮೆರಿಕ. ಪಕ್ಕದ ಮನೆಯ ಹೆಸರು ಹೇಳಿದವರು ಕಡಿಮೆ. ಅಲ್ಲಿನ ಬಾಗಿಲು ಯಾವಾಗ ತೆಗೆದಿರುತ್ತದೆ, ಯಾವಾಗ ಮುಚ್ಚಿರುತ್ತದೆ ಅಂತ ವ್ಯಾಪಾರಿಗೆ ನಂಬಿಕೆ ಇಲ್ಲ. 2019ರಲ್ಲಿ ಪುಲ್ವಾಮಾ ದಾಳಿ ಆದ ಮೇಲೆ ಪಾಕಿಸ್ತಾನದ ಮಾಲಿಗೆ ಭಾರತ ಶೇ 200 ಸುಂಕ ಹಾಕಿತು, 2025ರಲ್ಲಿ ವ್ಯಾಪಾರವೇ ಬಂದ್. ಅದೇ ವರ್ಷ ಬಾಂಗ್ಲಾದೇಶದ ಸಿದ್ಧ ಉಡುಪು ಭೂಗಡಿಯ ಮೂಲಕ ಬರುವುದನ್ನು ಭಾರತ ನಿಲ್ಲಿಸಿತು, ಭಾರತದ ನೂಲು ಭೂಗಡಿಯಲ್ಲಿ ಬರುವುದನ್ನು ಢಾಕಾ ನಿಲ್ಲಿಸಿತ್ತು.

ದೇವೇಗೌಡರು ಸಹಿ ಹಾಕಿದ ಗಂಗಾ ಒಪ್ಪಂದದ ಅವಧಿ 30 ವರ್ಷ. 2026ರ ಡಿಸೆಂಬರ್‌ಗೆ ಅದು ಮುಗಿಯುತ್ತದೆ. ಮುಂದೆ ಏನು ಬರೆಯುತ್ತಾರೆ ಅನ್ನುವುದರಲ್ಲಿ ಪಾಟ್ನಾ, ಕೋಲ್ಕತ್ತಾ, ದೆಹಲಿ, ಢಾಕಾ ನಾಲ್ಕರ ರಾಜಕೀಯವೂ ಸೇರಿರುತ್ತದೆ. ಅಲ್ಲಿಯವರೆಗೆ ಕೆಲಸ ನಿಂತಿಲ್ಲ. ಪ್ರತಿ ಬೇಸಿಗೆಯಲ್ಲೂ ಫರಕ್ಕಾದಲ್ಲಿ ಮತ್ತು ಬಾಂಗ್ಲಾದೇಶದ ಹಾರ್ಡಿಂಜ್ ಸೇತುವೆಯ ಬಳಿ ಎರಡೂ ದೇಶದ ಎಂಜಿನಿಯರ್‌ಗಳು ಸೇರಿ ನೀರು ಅಳೆಯುತ್ತಾರೆ. ಢಾಕಾದಲ್ಲಿ ಸರ್ಕಾರ ಉರುಳಿದ ಮರುವರ್ಷ, 2025ರ ಮಾರ್ಚ್‌ನಲ್ಲೂ, ಬಾಂಗ್ಲಾದೇಶದ ತಂಡ ಫರಕ್ಕಾಗೆ ಬಂತು. ಇಬ್ಬರೂ ನೀರಿನ ಅಂಚಿನಲ್ಲಿ ನಿಂತು ಕ್ಯುಸೆಕ್ ಲೆಕ್ಕ ಬರೆದುಕೊಂಡರು.